ತರಬೇತಿ ಯಾರಿಗಾಗಿ? ಸರ್ಕಾರಿ ನೌಕರರ ತರಬೇತಿ ಯೋಜನೆ ಕುರಿತು ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ ಬೆಳಿಗ್ಗೆ ಸಂಜೆ ಬಾಗಿಲು ತೆರೆಯುತ್ತಾ 25 ವರ್ಷ ನಡೆದು ಬಂದಿದೆ ಎಂದರೆ ಅದು ಸಣ್ಣ ಮಾತಲ್ಲ.

ನಾವು ಸರ್ಕಾರಿ ಇಲಾಖೆಯೊಂದರಲ್ಲಿ ನೌಕರರ ತರಬೇತಿಯನ್ನು ಯೋಜಿಸುವ ಕೆಲಸ ಮಾಡಿದವರು. ಯಾರಿಗೆ ತರಬೇತಿ, ಎಂಥ ತರಬೇತಿ, ಎಷ್ಟು ದಿನ, ಎಲ್ಲಿ, ಯಾವಾಗ ಎಂದು ಲೆಕ್ಕ ಹಾಕುವುದೇ ನಮ್ಮ ಕೆಲಸವಾಗಿತ್ತು. "ಇದನ್ನು ತಗೊಂಡು ಹಾಲು ಹಾಕುವ ನಮಗೇನಾಗಬೇಕು?" ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ತಾಲ್ಲೂಕು ಕಚೇರಿಯ ಕೌಂಟರಿನ ಒಳಗೆ ಕೂತವರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಎಂಬುದರ ಮೇಲೆ ಕೌಂಟರಿನ ಹೊರಗೆ ನಿಂತವರ ಜಮೀನು, ಪಿಂಚಣಿ, ಸಾಲ, ಒಂದು ದಿನದ ಕೂಲಿ ಎಲ್ಲವೂ ನಿಂತಿದೆ. "ಸಿಬ್ಬಂದಿ ತರಬೇತಿಗೆ ಹೋಗಿದ್ದಾರೆ, ನಾಳಿದ್ದು ಬನ್ನಿ" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಬಸ್ಸಿನ ದುಡ್ಡು ಕೊಟ್ಟು ಬಂದು ಬರಿಗೈಲಿ ವಾಪಸು ಹೋಗುವವರೇ ಆ ತರಬೇತಿಗೆ ಅರ್ಧ ಖರ್ಚು ಕೊಟ್ಟ ಹಾಗಾಯಿತು. ಆದ್ದರಿಂದ ಅದರಿಂದ ಏನು ಬಂತು ಎಂದು ಕೇಳುವ ಹಕ್ಕು ನಿಮಗಿದೆ.

ಮಾರ್ಚಿ ತಿಂಗಳ ತರಬೇತಿ

ಸಾಮಾನ್ಯವಾಗಿ ತರಬೇತಿಯ ಯೋಜನೆ ಹೇಗೆ ಹುಟ್ಟುತ್ತದೆ ಎಂದು ಮೊದಲು ಹೇಳುತ್ತೇವೆ. ಆರ್ಥಿಕ ವರ್ಷ ಮುಗಿಯುತ್ತಾ ಬಂದಿರುತ್ತದೆ. ತರಬೇತಿ ಬಾಬ್ತಿನಲ್ಲಿ ಹಣ ಉಳಿದಿರುತ್ತದೆ, ಖರ್ಚು ಮಾಡದಿದ್ದರೆ ವಾಪಸು ಹೋಗುತ್ತದೆ. ಆಗ ಕೆಳಗಿನ ಕಚೇರಿಗಳಿಗೆ ಒಂದು ಪತ್ರ ಹೊರಡುತ್ತದೆ: "ತಮ್ಮ ಕಚೇರಿಯಿಂದ ಇಬ್ಬರನ್ನು ನಿಯೋಜಿಸತಕ್ಕದ್ದು." ಕೆಲಸದ ಒತ್ತಡದಲ್ಲಿರುವ ನೌಕರನನ್ನು ಸಾಹೇಬರು ಬಿಟ್ಟುಕೊಡುವುದಿಲ್ಲ. ಕೈಲಿ ಹೆಚ್ಚು ಕೆಲಸವಿಲ್ಲದವರು, ಇಲ್ಲವೇ ಆರು ತಿಂಗಳಲ್ಲಿ ನಿವೃತ್ತಿಯಾಗುವವರು ಹೊರಡುತ್ತಾರೆ. ಅಲ್ಲಿ ಒಂದು ಕಡತ, ಒಂದು ಪೆನ್ನು, ಉದ್ಘಾಟನೆ, ಒಂದರ ಹಿಂದೆ ಒಂದು ಉಪನ್ಯಾಸ, ಊಟ, ಊಟದ ನಂತರ ತೂಕಡಿಕೆ, ಕೊನೆಗೆ ಗುಂಪಿನ ಫೋಟೋ, ಪ್ರಮಾಣಪತ್ರ, ಪ್ರಯಾಣ ಭತ್ಯೆ. ವಾಪಸು ಬಂದು ಕಡತವನ್ನು ಬೀರುವಿನಲ್ಲಿಟ್ಟರೆ ಮುಗಿಯಿತು. ವರದಿಯಲ್ಲಿ ಮಾತ್ರ "ಇಂತಿಷ್ಟು ಮಂದಿಗೆ ತರಬೇತಿ ನೀಡಲಾಯಿತು" ಎಂಬ ಸಾಲು ಸೇರುತ್ತದೆ.

ಎಲ್ಲ ಕಡೆಯೂ ಹೀಗೇ ಅಂತ ನಾವು ಹೇಳುವುದಿಲ್ಲ. ಬಹಳ ಶ್ರದ್ಧೆಯಿಂದ ಕಲಿಸುವ ಸಂಸ್ಥೆಗಳು ನಮ್ಮ ರಾಜ್ಯದಲ್ಲಿವೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ, ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ "ನೀರ್ ಸಾಬ್" ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯೂ ಮೈಸೂರಿನಲ್ಲೇ ಇದೆ. ನೀತಿಗೂ ಕೊರತೆಯಿಲ್ಲ. ಕೇಂದ್ರ ಸರ್ಕಾರ 1996ರಲ್ಲಿ ರಾಷ್ಟ್ರೀಯ ತರಬೇತಿ ನೀತಿ ತಂದಿತು, 2012ರಲ್ಲಿ ಅದನ್ನು ಪರಿಷ್ಕರಿಸಿತು. ಪ್ರತಿ ಇಲಾಖೆಯೂ ಸಂಬಳದ ಬಾಬ್ತಿನ ನೂರಕ್ಕೆ 2.5ರಷ್ಟು ಹಣವನ್ನಾದರೂ ತರಬೇತಿಗೆಂದೇ ತೆಗೆದಿಡಬೇಕು ಎಂದು 2012ರ ನೀತಿ ಹೇಳುತ್ತದೆ. ಸಂಸ್ಥೆ, ನೀತಿ, ಹಣದ ಮಾತು ಎಲ್ಲವೂ ಇದ್ದು ಫಲ ಕಾಣದಿದ್ದರೆ ತೊಡಕು ಇರುವುದು ಯೋಜನೆ ಮಾಡುವ ರೀತಿಯಲ್ಲಿ.

ಹಾಲನ್ನು ಕಲಕಿ ಮಾದರಿ ತೆಗೆಯಬೇಕು

ನಿಮಗೆ ಗೊತ್ತಿರುವ ಕೆಲಸದಿಂದಲೇ ಒಂದು ಉದಾಹರಣೆ ಹೇಳುತ್ತೇವೆ. ಡೇರಿಯಲ್ಲಿ ಕೊಬ್ಬಿನಂಶ ಪರೀಕ್ಷೆಗೆ ಹಾಲಿನ ಮಾದರಿ ತೆಗೆಯುವಾಗ ಏನು ಮಾಡುತ್ತೀರಿ? ಮೊದಲು ಚೆನ್ನಾಗಿ ಕಲಕುತ್ತೀರಿ. ಕಲಕದೆ ಮೇಲಿನಿಂದ ತೆಗೆದರೆ ಕೆನೆ ಬರುತ್ತದೆ, ಫ್ಯಾಟ್ ಜಾಸ್ತಿ ತೋರಿಸುತ್ತದೆ. ತಳದಿಂದ ತೆಗೆದರೆ ಕಡಿಮೆ ತೋರಿಸುತ್ತದೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಮಾದರಿ ಸರಿಯಿಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ನೌಕರರಿಗೆ ಯಾವ ತರಬೇತಿ ಬೇಕು ಎಂದು ಕೇಳುವಾಗಲೂ ಹೀಗೆಯೇ. ಮೇಲಧಿಕಾರಿಗಳನ್ನು ಮಾತ್ರ ಕೇಳಿದರೆ "ಕಂಪ್ಯೂಟರ್ ಬೇಕು, ಒತ್ತಡ ನಿರ್ವಹಣೆ ಬೇಕು, ನಾಯಕತ್ವ ಬೇಕು" ಅಂತ ಕೆನೆಯಂಥ ಉತ್ತರ ಬರುತ್ತದೆ. ಗುಮಾಸ್ತರನ್ನು ಕೇಳಬೇಕು, ಗ್ರಾಮ ಲೆಕ್ಕಿಗರನ್ನು ಕೇಳಬೇಕು, ಕೌಂಟರಿನ ಹೊರಗೆ ಸಾಲಿನಲ್ಲಿ ನಿಂತವರನ್ನೂ ಕೇಳಬೇಕು. ಎಲ್ಲಕ್ಕಿಂತ ಮೇಲಾಗಿ ವಾಪಸು ಕಳಿಸಿದ ಅರ್ಜಿಗಳ ಕಟ್ಟನ್ನು ಬಿಚ್ಚಿ ನೋಡಬೇಕು. ಯಾವ ಅರ್ಜಿ ಯಾಕೆ ಹಿಂದಿರುಗಿತು, ಯಾವುದು ಎಷ್ಟು ದಿನ ಎಲ್ಲಿ ಕೂತಿತ್ತು ಎಂದು ವಿಂಗಡಿಸಿದರೆ ತರಬೇತಿಯ ಪಠ್ಯ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಈಗ ಇದು ಇನ್ನೂ ಸುಲಭ. 2011ರ ಸಕಾಲ ಕಾಯ್ದೆ 2012ರಲ್ಲಿ ಜಾರಿಗೆ ಬಂದ ಮೇಲೆ ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು ಇದೆ. ಗಡುವು ಮೀರಿದ ಅರ್ಜಿಗಳ ಪಟ್ಟಿ ಕಂಪ್ಯೂಟರಿನಲ್ಲೇ ಸಿಗುತ್ತದೆ.

ತೊಡಕು ಸಿಕ್ಕ ಮೇಲೆ ಮೂರು ಪ್ರಶ್ನೆ ಕೇಳಬೇಕು. ಈ ನೌಕರನಿಗೆ ಕೆಲಸ ಗೊತ್ತಿಲ್ಲವೋ? ಗೊತ್ತಿದ್ದೂ ಸಾಧನ ಇಲ್ಲವೋ? ಎರಡೂ ಇದ್ದು ಮನಸ್ಸಿಲ್ಲವೋ? ಮೊದಲನೆಯದಕ್ಕೆ ಮಾತ್ರ ತರಬೇತಿ ಮದ್ದು. ಮುದ್ರಣ ಯಂತ್ರ ಕೆಟ್ಟು ಕೂತಿದ್ದರೆ ಅದನ್ನು ರಿಪೇರಿ ಮಾಡಿಸಬೇಕು, ಆಪರೇಟರನ್ನು ಮೈಸೂರಿಗೆ ಕಳಿಸಿ ಪ್ರಯೋಜನವಿಲ್ಲ. ಮೂರು ಹೋಬಳಿಯ ಕೆಲಸ ಒಬ್ಬನ ತಲೆಯ ಮೇಲೆ ಬಿದ್ದಿದ್ದರೆ ಖಾಲಿ ಹುದ್ದೆ ತುಂಬಬೇಕು. ಬೇಕೆಂದೇ ಅಲೆದಾಡಿಸುವವನಿಗೆ ಬೇಕಾದದ್ದು ಮೇಲುಸ್ತುವಾರಿ ಮತ್ತು ಶಿಸ್ತು ಕ್ರಮ. ಈ ಮೂರನ್ನೂ ಒಂದೇ ಗೋಣಿಯಲ್ಲಿ ತುಂಬಿ "ತರಬೇತಿ ಕೊಡಿಸಿ" ಅಂದುಬಿಟ್ಟರೆ ಹಣವೂ ಹೋಯಿತು, ಕೆಲಸವೂ ಹಾಗೇ ಉಳಿಯಿತು.

ಪೌತಿ ಖಾತೆಯ ಮಾತು

ಗೊತ್ತಿಲ್ಲದಿರುವುದರಿಂದ ಏನಾಗುತ್ತದೆ ಎಂಬುದಕ್ಕೆ ಪೌತಿ ಖಾತೆಯನ್ನೇ ತೆಗೆದುಕೊಳ್ಳೋಣ. ಮನೆಯ ಯಜಮಾನ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಡಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬರಬೇಕೋ ಬೇಡವೋ? ಇಂದಿಗೂ ಹಳ್ಳಿಗಳಲ್ಲಿ "ಅವರು ಕೊಟ್ಟ ಮನೆಗೆ ಹೋದರಲ್ಲ, ಅವರ ಹೆಸರು ಯಾಕೆ?" ಎನ್ನುವವರಿದ್ದಾರೆ.

ಕಾನೂನು ಏನು ಹೇಳುತ್ತದೆ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಆಗಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಬಂತು. ಆದರೆ ತಿದ್ದುಪಡಿಗೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಸೆಪ್ಟೆಂಬರಿನಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು, ಮದುವೆ ಆಗಿರಲಿ ಬಿಡಲಿ, ಮಗಳಿಗೆ ಮಗನಷ್ಟೇ ಹಕ್ಕು ಎಂದಾಯಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ ಏನು ಎಂಬ ಗೊಂದಲ ಉಳಿದಿತ್ತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನೂ ಬಗೆಹರಿಸಿತು. ಈ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದಿತು.

ಹಾಗಾದರೆ 1990ರಲ್ಲಿ ಕೆಲಸಕ್ಕೆ ಸೇರಿ ಅಂದು ಕಲಿತದ್ದನ್ನೇ ನೆಚ್ಚಿಕೊಂಡ ನೌಕರನ ತಿಳುವಳಿಕೆ ಮೂರು ಸಲ ಹಳತಾಯಿತು ಎಂದಾಯಿತಲ್ಲವೇ? ಅವನು ಕೆಟ್ಟವನಲ್ಲ, ಲಂಚ ಕೇಳಿದವನೂ ಅಲ್ಲ. ಆದರೂ ಅವನು ಬಿಟ್ಟುಬಿಟ್ಟ ಒಂದು ಹೆಸರಿನಿಂದ ಅಣ್ಣ ತಂಗಿ ಕೋರ್ಟು ಹತ್ತುತ್ತಾರೆ. ಕಾನೂನು ಬದಲಾದಾಗ ಯಾವ ಮೇಜಿನ ಮೇಲೆ ಕೆಲಸ ಬದಲಾಗುತ್ತದೋ ಆ ಮೇಜಿಗೆ ಕೂಡಲೇ ತಲುಪುವ ಸಣ್ಣ ತರಬೇತಿ ಬೇಕು. ಸುತ್ತೋಲೆ ಕಳಿಸಿದೆವು ಎಂದರೆ ಸಾಲದು. ಸುತ್ತೋಲೆ ಕಡತ ಸೇರುತ್ತದೆ, ತಲೆಗೆ ಸೇರಬೇಕಾದರೆ ಕೂರಿಸಿ ಮಾಡಿಸಬೇಕು.

ಗುರಿಯನ್ನು ಬರೆಯುವ ರೀತಿ

ತರಬೇತಿಯ ಆಹ್ವಾನ ಪತ್ರಿಕೆಗಳಲ್ಲಿ "ಅರಿವು ಮೂಡಿಸುವುದು", "ಸಂವೇದನೆ ಬೆಳೆಸುವುದು" ಎಂದು ಬರೆಯುವುದು ವಾಡಿಕೆ. ಅರಿವು ಮೂಡಿತೋ ಇಲ್ಲವೋ ಎಂದು ನೋಡುವುದು ಹೇಗೆ? ಗುರಿಯನ್ನು ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯಬೇಕು. "ತರಬೇತಿ ಮುಗಿದ ಮೇಲೆ ಈ ನೌಕರನು ಒಂದು ಪೌತಿ ಖಾತೆ ಅರ್ಜಿಯನ್ನು ನೋಡಿ, ಯಾವ ದಾಖಲೆ ಕಡಿಮೆಯಿದೆ ಎಂದು ಮೊದಲ ಸಲವೇ ಪೂರ್ತಿಯಾಗಿ ಹೇಳಬಲ್ಲನು." ಇಷ್ಟು ಬರೆದರೆ ಏನು ಕಲಿಸಬೇಕು, ಎಷ್ಟು ಹೊತ್ತು ಬೇಕು, ಕಲಿತನೋ ಇಲ್ಲವೋ ಎಲ್ಲವೂ ಗೊತ್ತಾಗುತ್ತದೆ. ನಿಮ್ಮ ಸಂಘದ ಹಾಲು ಪರೀಕ್ಷಕರ ವಿಷಯದಲ್ಲೂ ಅಷ್ಟೇ. "ಗುಣಮಟ್ಟದ ಬಗ್ಗೆ ತಿಳುವಳಿಕೆ" ಅಂದರೆ ಗಾಳಿಮಾತು. "ಒಂದೇ ಹಾಲನ್ನು ಎರಡು ಸಲ ಪರೀಕ್ಷಿಸಿದರೆ ಎರಡು ಸಲವೂ ಒಂದೇ ಫಲಿತಾಂಶ ತೆಗೆಯಬಲ್ಲರು" ಅಂದರೆ ಲೆಕ್ಕಕ್ಕೆ ಸಿಗುವ ಮಾತು.

ಯಾರು, ಯಾವಾಗ, ಎಲ್ಲಿ

ಇನ್ನು ವೇಳಾಪಟ್ಟಿ. ಇದು ಸಣ್ಣ ವಿಷಯ ಅಂತ ತಳ್ಳಿಹಾಕುವವರೇ ಹೆಚ್ಚು, ಆದರೆ ತರಬೇತಿ ಕೆಡುವುದು ಇಲ್ಲೇ. ಬಿತ್ತನೆ ಕಾಲದಲ್ಲಿ ಕೃಷಿ ಸಹಾಯಕರನ್ನು ಊರಿನಿಂದ ಎಬ್ಬಿಸಬಾರದು. ಮಾರ್ಚಿ ಕೊನೆಯಲ್ಲಿ ಲೆಕ್ಕದ ಗುಮಾಸ್ತರನ್ನು ಕರೆಯಬಾರದು. ಒಂದು ಕಚೇರಿಯಲ್ಲಿ ಆ ಕೆಲಸ ಗೊತ್ತಿರುವವರು ಇಬ್ಬರೇ ಇದ್ದರೆ ಇಬ್ಬರನ್ನೂ ಒಂದೇ ವಾರ ಕಳಿಸಬಾರದು. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು. ಎಳೆಮಕ್ಕಳ ತಾಯಂದಿರಾದ ನೌಕರರಿಗೆ ದೂರದ ಊರಿನಲ್ಲಿ ಐದು ದಿನದ ವಾಸ್ತವ್ಯ ಕಷ್ಟ. ಅದನ್ನೇ ತಾಲ್ಲೂಕು ಮಟ್ಟದಲ್ಲಿ ವಾರಕ್ಕೊಂದು ದಿನದಂತೆ ಐದು ವಾರ ಮಾಡಿದರೆ ಅವರೂ ಬರುತ್ತಾರೆ, ಕೌಂಟರೂ ಮುಚ್ಚುವುದಿಲ್ಲ. ಒಂದು ವಾರ ಕಲಿತದ್ದನ್ನು ಮರುವಾರದೊಳಗೆ ಮಾಡಿ ನೋಡಿ, ಎಡವಿದ್ದನ್ನು ಬಂದು ಕೇಳಲೂ ಆಗುತ್ತದೆ.

ಗುಂಪೂ ಚಿಕ್ಕದಿರಬೇಕು. ನೂರು ಜನರನ್ನು ಒಂದು ಸಭಾಭವನದಲ್ಲಿ ಕೂರಿಸಿದರೆ ಅದು ಸಭೆಯಾಯಿತು, ತರಬೇತಿ ಆಗಲಿಲ್ಲ. ಇಪ್ಪತ್ತೈದು ಜನ ಇದ್ದರೆ ಒಬ್ಬೊಬ್ಬರ ಕೈಯಲ್ಲೂ ಕೆಲಸ ಮಾಡಿಸಬಹುದು. ಕಂಪ್ಯೂಟರು ಕಲಿಸುವಾಗ ಇಬ್ಬರಿಗೊಂದಾದರೂ ಇರಬೇಕು. ಹಾಡ್ತಾ ಹಾಡ್ತಾ ರಾಗ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಹಾಲು ಕರೆಯುವುದನ್ನು ಯಾರಾದರೂ ಭಾಷಣ ಕೇಳಿ ಕಲಿತದ್ದುಂಟೇ? ಕೆಚ್ಚಲ ಹತ್ತಿರ ಕೂತೇ ಕಲಿಯಬೇಕು.

ಕಲಿಸುವವರು ಯಾರು ಎಂಬುದೂ ಮುಖ್ಯ. ದೊಡ್ಡ ಪದವಿಯ ಉಪನ್ಯಾಸಕರು ಬೇಕು, ಕಾನೂನಿನ ತಿರುಳು ಹೇಳಲು ಅವರೇ ಸರಿ. ಆದರೆ ಅದೇ ಕೌಂಟರಿನಲ್ಲಿ ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ ಒಬ್ಬ ಗುಮಾಸ್ತರನ್ನೂ ಪಕ್ಕದಲ್ಲಿ ಕೂರಿಸಬೇಕು. "ಈ ಜಾಗದಲ್ಲಿ ಹುಷಾರು, ಇಲ್ಲಿ ಎಲ್ಲರೂ ಎಡವುತ್ತಾರೆ" ಎಂಬ ಮಾತು ಅವರ ಬಾಯಿಂದ ಬಂದರೆ ಅದರ ತೂಕವೇ ಬೇರೆ. ಹೊರಡುವಾಗ ದಪ್ಪ ಪುಸ್ತಕದ ಬದಲು, ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಳ್ಳುವಂಥ ಒಂದೇ ಹಾಳೆ ಕೊಡಬೇಕು.

ಪಹಣಿ ಕಂಪ್ಯೂಟರಿಗೆ ಬಂದ ಕಥೆ

ಇದೆಲ್ಲ ಬಾಯಿಮಾತು, ಸರ್ಕಾರದಲ್ಲಿ ನಡೆಯುವುದಿಲ್ಲ ಅಂತ ಯಾರಾದರೂ ಅಂದರೆ ನಾವು ಭೂಮಿ ಯೋಜನೆಯನ್ನು ತೋರಿಸುತ್ತೇವೆ. ನಿಮ್ಮ ಸಂಘ ಹುಟ್ಟಿದ ಆಸುಪಾಸಿನಲ್ಲೇ, 2000ದಿಂದ 2002ರ ನಡುವೆ, ಕಂದಾಯ ಇಲಾಖೆ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿತು. ಅದಕ್ಕೆ ಮೊದಲು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಆ ದಾಖಲೆ ಇತ್ತು. ಒಂದು ಪಹಣಿ ಬೇಕಾದರೆ ಲೆಕ್ಕಿಗರು ಯಾವ ಊರಿನಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗಬೇಕಿತ್ತು, ನಿಮಗೆಲ್ಲ ನೆನಪಿರಬಹುದು. ಆಮೇಲೆ ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕಟ್ಟಿದರೆ ಪಹಣಿ ಕೈಗೆ ಬರುವಂತಾಯಿತು.

ಈ ಯೋಜನೆಯಲ್ಲಿ ತರಬೇತಿಯ ದೃಷ್ಟಿಯಿಂದ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ಯಂತ್ರ ಒತ್ತುವವರಿಗೆ ಮಾತ್ರ ಕಲಿಸಿ ಬಿಡಲಿಲ್ಲ. ರಾಜ್ಯ ಮಟ್ಟ, ವಿಭಾಗ ಮಟ್ಟ, ಜಿಲ್ಲಾ ಮಟ್ಟದಲ್ಲಿ ಕಾರ್ಯಾಗಾರಗಳನ್ನು ನಡೆಸಿ, ಹಿರಿಯ ಅಧಿಕಾರಿಗಳಿಂದ ಹಿಡಿದು ಊರಿನ ಲೆಕ್ಕಿಗರವರೆಗೆ ವಿಷಯ ಮುಟ್ಟಿಸಿದರು. ಸಾಹೇಬರಿಗೇ ಗೊತ್ತಿಲ್ಲದ ಕೆಲಸವನ್ನು ಗುಮಾಸ್ತ ಎಷ್ಟು ದಿನ ಮಾಡಿಯಾನು? ಎರಡನೆಯದು, ಕಿಯಾಸ್ಕ್ ನಡೆಸಲು ಗ್ರಾಮ ಲೆಕ್ಕಿಗರನ್ನೇ ಆರಿಸಿ ಕಲಿಸಿದರು. ಯಾರ ಪುಸ್ತಕವನ್ನು ಕಂಪ್ಯೂಟರು ಕಿತ್ತುಕೊಳ್ಳುತ್ತದೆ ಎಂಬ ಭಯವಿತ್ತೋ ಆ ಬಳಗದವರ ಕೈಗೇ ಕಂಪ್ಯೂಟರು ಬಂತು. ಬೆರಳಚ್ಚು ಕೊಟ್ಟ ಮೇಲೆಯೇ ಯಂತ್ರ ತೆರೆಯುವುದರಿಂದ ಯಾರು ಯಾವ ಬದಲಾವಣೆ ಮಾಡಿದರು ಎಂಬುದಕ್ಕೆ ಗುರುತೂ ಉಳಿಯಿತು. ಮೂರನೆಯದು, ಕಲಿತದ್ದನ್ನು ಬಳಸದೇ ಇರಲು ದಾರಿಯೇ ಉಳಿಯಲಿಲ್ಲ. ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಮಾಡಿದರು. ತರಬೇತಿ ಇಂದು, ಕೆಲಸ ಮುಂದಿನ ವರ್ಷ ಎಂದಿದ್ದರೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು.

ಎಲ್ಲವೂ ಸುಸೂತ್ರವಾಯಿತು ಅಂತ ಹೇಳಲು ಬರುವುದಿಲ್ಲ. ಹಳೆ ಪುಸ್ತಕದಲ್ಲಿದ್ದ ತಪ್ಪು, ನಮೂದಿಸುವಾಗ ಆದ ತಪ್ಪು ಎರಡೂ ಪಹಣಿಯಲ್ಲಿ ಕೂತುಬಿಟ್ಟವು. ಹೆಸರಿನ ಒಂದು ಅಕ್ಷರ, ವಿಸ್ತೀರ್ಣದ ಒಂದು ಗುಂಟೆ ತಿದ್ದಿಸಲು ಅಲೆದವರು ಈ ಸಭೆಯಲ್ಲೇ ಇರಬಹುದು. ನಮೂದಿಸುವವರಿಗೆ ಕೊಡುವ ತರಬೇತಿಯಷ್ಟೇ ತಾಳೆ ನೋಡುವವರಿಗೆ ಕೊಡುವ ತರಬೇತಿಯೂ ಮುಖ್ಯ ಎಂಬುದು ಅದರಿಂದ ಕಲಿಯಬೇಕಾದ ಪಾಠ.

ಫಲ ಅಳೆಯುವುದು ಹೇಗೆ?

1959ರಲ್ಲಿ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕು ಎಂದು ಬರೆದರು. ಬಂದವರಿಗೆ ಇಷ್ಟವಾಯಿತೇ? ಅವರು ಕಲಿತರೇ? ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರೆಯೇ? ಅದರಿಂದ ಸಂಸ್ಥೆಯ ಕೆಲಸ ಸುಧಾರಿಸಿತೇ? ತರಬೇತಿ ಕೊಡುವವರೆಲ್ಲ ಇಂದಿಗೂ ಇದನ್ನು ಬಾಯಿಪಾಠ ಹೇಳುತ್ತಾರೆ. ಆದರೆ ನಮ್ಮ ಕಡೆ ಬಹುಪಾಲು ಮೊದಲ ಮೆಟ್ಟಿಲಿಗೇ ನಿಂತುಬಿಡುತ್ತೇವೆ. ಕೊನೆಯ ದಿನ ಒಂದು ಹಾಳೆ ಹಂಚುತ್ತಾರೆ, "ಊಟ ವಸತಿ ಚೆನ್ನಾಗಿತ್ತು, ಉಪನ್ಯಾಸ ಉತ್ತಮ" ಎಂದು ಬರೆದುಕೊಟ್ಟು ಬಸ್ಸು ಹಿಡಿಯುತ್ತಾರೆ.

ಮೂರನೆಯ, ನಾಲ್ಕನೆಯ ಮೆಟ್ಟಿಲನ್ನು ನೋಡಬೇಕಾದರೆ ಮೂರು ತಿಂಗಳ ನಂತರ ಆ ಕೌಂಟರಿಗೇ ಹೋಗಬೇಕು. ಮೊದಲು ಹತ್ತು ಅರ್ಜಿಯಲ್ಲಿ ಎಷ್ಟು ವಾಪಸಾಗುತ್ತಿತ್ತು, ಈಗ ಎಷ್ಟು? ಜನ ಮೂರು ಸಲ ಬರುವುದು ಒಂದು ಸಲಕ್ಕೆ ಇಳಿಯಿತೇ? ಇಳಿದಿದ್ದರೆ ತರಬೇತಿ ಫಲಿಸಿತು. ಇಳಿಯದಿದ್ದರೆ ಪಠ್ಯವನ್ನು ತಿದ್ದಬೇಕು. ಈ ತಪಾಸಣೆಯ ದಿನಾಂಕವನ್ನೂ ಖರ್ಚನ್ನೂ ತರಬೇತಿ ಯೋಜಿಸುವ ದಿನವೇ ಬರೆದಿಡಬೇಕು. ಆಮೇಲೆ ನೋಡೋಣ ಎಂದರೆ ಆ "ಆಮೇಲೆ" ಬರುವುದೇ ಇಲ್ಲ.

ಈಗ ಕಾಲ ಬದಲಾಗಿದೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಮಿಷನ್ ಕರ್ಮಯೋಗಿ ಎಂಬ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ನೌಕರರು ಮೊಬೈಲಿನಲ್ಲೇ, ಕೂತಲ್ಲೇ ಪಾಠ ಕಲಿಯಬಹುದು. ದೂರದ ಹೋಬಳಿಯಲ್ಲಿರುವವರಿಗೆ ಇದರಿಂದ ಅನುಕೂಲವಾಗಿದೆ, ಕೌಂಟರು ಮುಚ್ಚುವ ತಾಪತ್ರಯವೂ ಕಡಿಮೆ. ಆದರೆ ಪಾಠ ಓಡಿಸಿಟ್ಟು ಪ್ರಮಾಣಪತ್ರ ಇಳಿಸಿಕೊಳ್ಳುವುದೇ ಗುರಿಯಾದರೆ, ಹಿಂದೆ ಬೀರುವಿನಲ್ಲಿದ್ದ ಕಡತ ಈಗ ಮೊಬೈಲಿನಲ್ಲಿ ಕೂತಿತು ಅಷ್ಟೇ. ಕಲಿತವನು ಕೌಂಟರಿನಲ್ಲಿ ಏನು ಮಾಡಿದ ಎಂಬ ಪ್ರಶ್ನೆ ಆಗಲೂ ಈಗಲೂ ಒಂದೇ.

ನಮ್ಮ ಸಂಘಗಳ ಪಾಲು

ಸಹಕಾರಿ ಬಂಧುಗಳೇ, ಇಷ್ಟು ಹೊತ್ತು ಸರ್ಕಾರದ ಮಾತಾಯಿತು. ನಮ್ಮ ಮನೆಯ ಮಾತೂ ಆಡಬೇಕು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಸಾರಿದ ಸಹಕಾರದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ನಾಡು ನಮ್ಮದು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಹಾಲಿನ ಸಂಘಗಳಿಗೂ ಹೊಸ ಹೊಸ ಯಂತ್ರಗಳು ಬರುತ್ತಿವೆ. ಯಂತ್ರ ಒಂದು ದಿನದಲ್ಲಿ ಬಂದು ಕೂರುತ್ತದೆ, ಅದನ್ನು ನಂಬಿಕೆಗೆ ತಕ್ಕಂತೆ ನಡೆಸುವ ಕೈ ತಯಾರಾಗಲು ತಿಂಗಳುಗಳು ಬೇಕು.

ಆದ್ದರಿಂದ ಬೆಳ್ಳಿಹಬ್ಬದ ಈ ಸಭೆಯಲ್ಲಿ ನಮ್ಮದು ಮೂರು ಕೋರಿಕೆ. ಸಂಘದ ಕಾರ್ಯದರ್ಶಿ, ಪರೀಕ್ಷಕರ ಜೊತೆಗೆ ಇನ್ನೊಬ್ಬರಿಗಾದರೂ ಅವರ ಕೆಲಸ ಬರುವಂತೆ ಮಾಡಿ. ಒಬ್ಬರು ತರಬೇತಿಗೆ ಹೋದ ದಿನ ಹಾಲು ನಿಲ್ಲಬಾರದು. ತರಬೇತಿಗೆ ಹೋಗಿ ಬಂದವರು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ "ಇದನ್ನು ಕಲಿತೆ, ನಾಳೆಯಿಂದ ಹೀಗೆ ಮಾಡುತ್ತೇನೆ" ಎಂದು ಹೇಳುವ ಪದ್ಧತಿ ಇಟ್ಟುಕೊಳ್ಳಿ. ಕೊನೆಯದಾಗಿ, ತಾಲ್ಲೂಕು ಕಚೇರಿಯಲ್ಲಿ ನಿಮ್ಮ ಅರ್ಜಿ ವಾಪಸಾದರೆ ಯಾಕೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಆ ಚೀಟಿ ನಿಮ್ಮ ಕೈಯಲ್ಲಿದ್ದರೆ ನಿಮಗೆ ಆಧಾರ, ಅದರ ಪ್ರತಿ ಕಚೇರಿಯಲ್ಲಿ ಸೇರುತ್ತಾ ಹೋದರೆ ತರಬೇತಿ ಯೋಜಿಸುವವರಿಗೆ ದಾರಿದೀಪ. ಯಾವ ಸಮೀಕ್ಷೆಯೂ ಹೇಳದ ಸತ್ಯವನ್ನು ಆ ಚೀಟಿಗಳ ಕಟ್ಟು ಹೇಳುತ್ತದೆ.

ಸಂಘ ಇನ್ನೂ ಬೆಳೆಯಲಿ, ಹಾಲು ಹಾಕುವ ಪ್ರತಿ ಮನೆಗೂ ಅದರ ಫಲ ಸಿಗಲಿ.